ಬೀಳ್ಕೊಟ್ಟ ಬಳಿಕ ನಮ್ಮ ಹೊಣೆ ಮುಗಿಯಿತೇ?

ವಿದೇಶಕ್ಕೆ ಓದಲು ಹೊರಟ ಮಗನನ್ನೋ ಮಗಳನ್ನೋ ಬೀಳ್ಕೊಡುವ ದೃಶ್ಯ ಈಗ ನಮ್ಮ ಸಣ್ಣ ಪಟ್ಟಣಗಳಲ್ಲಿ ಅಪರೂಪವಲ್ಲ. ಕೊಳ್ಳೇಗಾಲದ ಯಾವುದೋ ಓಣಿಯಲ್ಲಿ ಅಥವಾ ಕಾವೇರಿ ದಂಡೆಯ ಮುಳ್ಳೂರಿನಂತಹ ಊರಿನ ತಿರುವಿನಲ್ಲಿ ಬಾಡಿಗೆ ಕಾರೊಂದು ನಿಂತಿರುತ್ತದೆ. ಎರಡು ದೊಡ್ಡ ಸೂಟ್‌ಕೇಸುಗಳನ್ನು ಮತ್ತೆ ಮತ್ತೆ ತೂಗಿ ನೋಡಲಾಗುತ್ತದೆ. ಉಪ್ಪಿನಕಾಯಿಯ ಡಬ್ಬಿ ಒಳಗೆ ಹೋಗುತ್ತದೆ, ತೂಕ ಹೆಚ್ಚಾಯಿತೆಂದು ಹೊರಗೆ ಬರುತ್ತದೆ, ಅಮ್ಮಿಯ ಮುಖ ನೋಡಿ ಮತ್ತೆ ಒಳಗೆ ಸೇರುತ್ತದೆ. ಹಿರಿಯರು ದುಆ ಮಾಡುತ್ತಾರೆ. ಇಂದಿಗೂ ರೈಲು ಕಾಣದ ಪಟ್ಟಣದಿಂದ ಹೊರಟ ಯುವಕ ನೇರವಾಗಿ ಬೆಂಗಳೂರಿನ ವಿಮಾನ ನಿಲ್ದಾಣದತ್ತ ಸಾಗುತ್ತಾನೆ. ಅಂದು ರಾತ್ರಿಯೇ ಮೊಬೈಲುಗಳಲ್ಲಿ ಅಭಿನಂದನೆಗಳ ಮಳೆ ಸುರಿಯುತ್ತದೆ.

ಮರುದಿನದಿಂದ? ಆ ಮಗನಿಗೆ ಅಲ್ಲಿ ತಂಗಲು ಕೋಣೆ ಸಿಕ್ಕಿತೇ, ಆತನ ಜೊತೆಗಾರರು ಯಾರು, ಕೈಯಲ್ಲಿರುವ ಹಣ ಎಷ್ಟು ದಿನ ಬಾಳೀತು, ಜ್ವರ ಬಂದರೆ ಯಾರ ಬಾಗಿಲು ತಟ್ಟಬೇಕು ಎಂದು ವಿಚಾರಿಸುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಕಳುಹಿಸಿಕೊಡುವುದನ್ನು ನಾವು ಹಬ್ಬದಂತೆ ಆಚರಿಸುತ್ತೇವೆ. ಪರದೇಶದ ನಗರದಲ್ಲಿ ನೆಲೆಯೂರುವ ಕಷ್ಟವನ್ನು ಮಾತ್ರ ಇಪ್ಪತ್ತು ವರ್ಷದ ಒಂಟಿ ಹೆಗಲ ಮೇಲೆ ಹೊರಿಸಿ ಸುಮ್ಮನಾಗುತ್ತೇವೆ. ಸಮುದಾಯವು ಗಂಭೀರವಾಗಿ ಆತ್ಮಾವಲೋಕನ ಮಾಡಿಕೊಳ್ಳಬೇಕಾದ ವಿಷಯ ಇದು ಎಂದು ನಾವು ಭಾವಿಸುತ್ತೇವೆ.

ಪರಭಾಷೆಯ ಊರಿಗೆ ಹೋಗಿ ಕೆಲಸ ಸಾಧಿಸಿಕೊಂಡು ಬರುವುದು ಈ ಸೀಮೆಯ ಜನರಿಗೆ ಹೊಸದೇನಲ್ಲ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಇಲ್ಲಿನ ಕನ್ನಡಿಗರಿಗೂ ಉರ್ದು ಮಾತೃಭಾಷೆಯ ಮುಸ್ಲಿಮರಿಗೂ ಜಿಲ್ಲಾ ಕಚೇರಿ ಎಂದರೆ ತಮಿಳು ನಾಡಿನ ದೂರದ ಊರಾಗಿತ್ತು. ಆದರೆ ಅಜ್ಜನ ಕಾಲದ ಆ ಪ್ರಯಾಣಕ್ಕೂ ಮೊಮ್ಮಗನ ಈ ಪ್ರಯಾಣಕ್ಕೂ ಒಂದು ವ್ಯತ್ಯಾಸವಿದೆ. ಅಜ್ಜ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದರು. ಮೊಮ್ಮಗ ತಲೆಯ ಮೇಲೆ ಸಾಲ ಹೊತ್ತು ಹೋಗಿರುತ್ತಾನೆ. ಸೋತರೂ ಮರಳುವ ಧೈರ್ಯ ಅವನಿಗಿರುವುದಿಲ್ಲ.

ಮಕ್ಕಳು ಯಾಕೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಸುಲಭದ ಉತ್ತರಗಳಿಲ್ಲ. ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕದಂತೆ 2024ರಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳು ವಿದೇಶಗಳಲ್ಲಿದ್ದರು. ಇವರೆಲ್ಲರೂ ಶ್ರೀಮಂತರ ಮಕ್ಕಳಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ದಿನಸಿಗಾಗಿ ಸಾಲಿನಲ್ಲಿ ನಿಂತಿದ್ದಾಗ ದಾಳಿಗೆ ಬಲಿಯಾದ ನವೀನ್ ಶೇಖರಪ್ಪ ಗ್ಯಾನಗೌಡರ್ ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗ. ಪಿಯುಸಿಯಲ್ಲಿ ಶೇ. 97 ಅಂಕ ಗಳಿಸಿಯೂ ಮಗನಿಗೆ ಇಲ್ಲಿ ವೈದ್ಯಕೀಯ ಸೀಟು ಸಿಗಲಿಲ್ಲ ಎಂದು ಆತನ ತಂದೆ ಅಂದು ಹೇಳಿದ ಮಾತು ಇಡೀ ರಾಜ್ಯದ ಎದೆಗೆ ತಟ್ಟಿತು. ಮಗನ ಪಾರ್ಥಿವ ಶರೀರವನ್ನು ಆ ಕುಟುಂಬ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿತು. ನಾವು ಒಂದು ವಾರ ಕಣ್ಣೀರು ಸುರಿಸಿದೆವು. ನಂತರ ಎಂದಿನಂತೆ ಏಜೆಂಟರ ಕಚೇರಿಗಳ ಮುಂದೆ ಸಾಲು ನಿಂತೆವು.

ಆ ಏಜೆಂಟರ ಕಚೇರಿಯಲ್ಲಿ ನಡೆಯುವುದೇನು? ಶುಲ್ಕ ಎಷ್ಟು, ಕಂತು ಎಷ್ಟು, ವೀಸಾ ಯಾವಾಗ ಎಂಬುದಷ್ಟೇ ಅಲ್ಲಿನ ಮಾತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ವಿದೇಶದ ವೈದ್ಯಕೀಯ ವ್ಯಾಸಂಗ ಕನಿಷ್ಠ 54 ತಿಂಗಳಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ತರಬೇತಿ ಮುಗಿಸಿರಬೇಕು ಎಂಬುದನ್ನು ಎಷ್ಟು ಪೋಷಕರು ಕೇಳಿ ತಿಳಿದುಕೊಂಡಿದ್ದಾರೆ? ಮರಳಿ ಬಂದ ಮೇಲೆ ಬರೆಯಬೇಕಾದ ಅರ್ಹತಾ ಪರೀಕ್ಷೆಯಲ್ಲಿ 2024ರ ಜೂನ್‌ನಲ್ಲಿ ತೇರ್ಗಡೆಯಾದವರು ಐವರಲ್ಲಿ ಒಬ್ಬರಷ್ಟು ಮಾತ್ರ. ಮನೆ ಕಟ್ಟಲು ಹೊರಟಾಗ ಮೇಸ್ತ್ರಿಯನ್ನು ಹತ್ತು ಬಾರಿ ವಿಚಾರಿಸುವ ನಾವು, ಮಗನ ಬದುಕಿನ ಐದಾರು ವರ್ಷಗಳನ್ನು ಒಂದು ಬಣ್ಣದ ಕರಪತ್ರವನ್ನು ನಂಬಿ ಒಪ್ಪಿಸಿಬಿಡುತ್ತೇವೆ.

ಸರಿಯಾದ ಕಾಲೇಜು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಹೊಸ ನಗರದ ಮೊದಲ ತಿಂಗಳು ಹೇಗಿರುತ್ತದೆ ಎಂಬುದನ್ನು ಮನೆಯಲ್ಲಿ ಕುಳಿತವರು ತಿಳಿದಿರಬೇಕು.

ಜರ್ಮನಿಯ ಉದಾಹರಣೆಯನ್ನೇ ನೋಡಿ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಹೀಗಾಗಿ ಮಧ್ಯಮ ವರ್ಗದ ಕುಟುಂಬಗಳ ಕಣ್ಣು ಅತ್ತ ಹೊರಳಿದೆ. ಆದರೆ ವೀಸಾಕ್ಕೆ ಮುಂಚೆಯೇ ಒಂದು ವರ್ಷದ ಖರ್ಚಿನ ಹಣವನ್ನು ವಿಶೇಷ ಖಾತೆಯೊಂದರಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಲಾಯಿತು. ಅದು ವಿದ್ಯಾರ್ಥಿಯದೇ ಹಣ, ಆದರೂ ತಿಂಗಳಿಗೆ 992 ಯೂರೋದಂತೆ ಮಾತ್ರ ಕೈಗೆ ಬರುತ್ತದೆ. ಕೋಣೆಯ ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲವೂ ಅದರಲ್ಲೇ ಆಗಬೇಕು. ಮ್ಯೂನಿಕ್‌ನಂತಹ ದುಬಾರಿ ನಗರದಲ್ಲಿ ಇದರ ದೊಡ್ಡ ಪಾಲನ್ನು ಬಾಡಿಗೆಯೇ ನುಂಗುತ್ತದೆ.

ಕೋಣೆ ಸಿಗುವುದಾದರೂ ಸುಲಭವೇ? ಮನೆ ಸೇರಿದ ಎರಡು ವಾರಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು ಎಂಬುದು ಅಲ್ಲಿನ ಕಾನೂನು. ಅದಕ್ಕೆ ಮನೆಮಾಲೀಕ ಸಹಿ ಹಾಕಿದ ಪತ್ರ ಬೇಕು. ಆ ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆಯಿಲ್ಲ. ವಾಸದ ಪರವಾನಗಿಯ ಕೆಲಸ ಮುಂದೆ ಸಾಗುವುದಿಲ್ಲ. ವಿದ್ಯಾರ್ಥಿ ನಿಲಯಗಳಲ್ಲಿ ಕಾಯುವವರ ಪಟ್ಟಿ ತಿಂಗಳುಗಟ್ಟಲೆ ಬೆಳೆದಿರುತ್ತದೆ. ಹೊಸಬನ ಈ ಅಸಹಾಯಕತೆಯನ್ನು ಕಾದು ಕುಳಿತ ವಂಚಕರಿರುತ್ತಾರೆ. ಸುಂದರ ಕೋಣೆಯ ಚಿತ್ರ ಕಳುಹಿಸುತ್ತಾರೆ, ಮಾಲೀಕರು ಪರವೂರಿನಲ್ಲಿದ್ದಾರೆ ಎನ್ನುತ್ತಾರೆ, ಮುಂಗಡ ಹಾಕಿದರೆ ಕೀಲಿಕೈ ಅಂಚೆಯಲ್ಲಿ ಬರುತ್ತದೆ ಎಂದು ನಂಬಿಸುತ್ತಾರೆ. ಹಣ ಹೋಗುತ್ತದೆ, ಕೀಲಿಕೈ ಬರುವುದಿಲ್ಲ. ಬ್ರಿಟನ್ನಿನಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಅನೇಕ ಮನೆಮಾಲೀಕರು ಅದೇ ದೇಶದಲ್ಲಿ ವಾಸಿಸುವ ಜಾಮೀನುದಾರನನ್ನು ಕೇಳುತ್ತಾರೆ. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯ ಜಾಮೀನು ಲೆಸ್ಟರ್‌ನ ಮನೆಮಾಲೀಕನಿಗೆ ಬೇಕಾಗಿಲ್ಲ.

ಇನ್ನು ಕಣ್ಣಿಗೆ ಕಾಣದ ಕಷ್ಟಗಳಿವೆ. ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ವರ್ಷವಿಡೀ ಬಿಸಿಲುಂಡು ಬೆಳೆದ ಹುಡುಗ ತರಗತಿ ಮುಗಿಸಿ ಹೊರಬಂದರೆ ಕತ್ತಲು. ಮನೆಯಲ್ಲಿ ನೀರಿನ ಲೋಟವನ್ನೂ ತಾನೇ ತೆಗೆದುಕೊಳ್ಳದೆ ಬೆಳೆದ ಮಗ ಅಲ್ಲಿ ಅಡುಗೆಯ ಹಂಚಿಕೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲಾರದೆ ಜೊತೆಗಾರರ ಮಾತು ಕೇಳಬೇಕಾಗುತ್ತದೆ. ಇಲ್ಲಿ ನಮ್ಮದೇ ತಪ್ಪಿದೆ. ಮಗನಿಗೆ ಒಂದು ಖುಷ್ಕಾ ಮಾಡಲು, ತನ್ನ ಬಟ್ಟೆ ತಾನು ಒಗೆಯಲು ಕಲಿಸುವುದನ್ನು ಅಪಮಾನವೆಂದು ತಿಳಿದ ಮನೆಗಳು ಇನ್ನೂ ನಮ್ಮಲ್ಲಿವೆ. ಹೆಣ್ಣುಮಗಳಿಗೆ ಅಡುಗೆ ಗೊತ್ತಿರುತ್ತದೆ. ಆದರೆ ಬ್ಯಾಂಕಿನ ವ್ಯವಹಾರ ಮಾಡಲು, ಒಂಟಿಯಾಗಿ ಬಸ್ಸಿನಲ್ಲಿ ಪ್ರಯಾಣಿಸಲು, ಅಧಿಕಾರಿಯ ಮುಂದೆ ನಿಂತು ತನ್ನ ಮಾತು ಹೇಳಲು ಅವಳಿಗೆ ಅವಕಾಶವನ್ನೇ ಕೊಟ್ಟಿರುವುದಿಲ್ಲ. ಪರದೇಶದಲ್ಲಿ ನೆಲೆಯೂರುವ ತರಬೇತಿ ವೀಸಾ ಬಂದ ಮೇಲೆ ಆರಂಭವಾಗುವುದಲ್ಲ. ಅದು ನಮ್ಮ ಮನೆಗಳಲ್ಲಿ, ಹತ್ತನೆಯ ತರಗತಿಯ ಹೊತ್ತಿಗೇ ನಡೆಯಬೇಕಾದದ್ದು.

ಎಲ್ಲಕ್ಕಿಂತ ದೊಡ್ಡ ಅಪಾಯ ದೂರವಾಣಿಯಲ್ಲಿ ಅಡಗಿದೆ. ದಿನವೂ ವಿಡಿಯೋ ಕರೆಯಿದೆ, ಮುಖ ನೋಡುತ್ತೇವೆ, ಎಲ್ಲವೂ ಗೊತ್ತಿದೆ ಎಂದು ನಾವು ಭ್ರಮಿಸುತ್ತೇವೆ. "ಊಟ ಆಯ್ತಾ ಬೇಟಾ?" ಎಂದು ಅಮ್ಮಿ ಕೇಳುತ್ತಾಳೆ. "ಆಯ್ತು" ಎಂಬ ಉತ್ತರ ಬರುತ್ತದೆ. ಅಬ್ಬಾ ಫೋನು ಪಡೆದು ಪಕ್ಕದ ಮನೆಯವರ ಮಗ ಕೆನಡಾದಿಂದ ಹಣ ಕಳುಹಿಸಲು ಶುರು ಮಾಡಿದ ಸುದ್ದಿ ಹೇಳುತ್ತಾರೆ. ಮನೆಯ ಪತ್ರ ಅಡವಿಟ್ಟದ್ದು, ತಂಗಿಯ ಮದುವೆಗೆಂದು ಇಟ್ಟಿದ್ದ ಒಡವೆ ಮಾರಿದ್ದು ಆ ಮಗನಿಗೆ ಗೊತ್ತಿದೆ. ಅನುತ್ತೀರ್ಣನಾದದ್ದನ್ನು, ಕೆಲಸ ಕಳೆದುಕೊಂಡದ್ದನ್ನು, ರಾತ್ರಿ ನಿದ್ದೆ ಬಾರದ್ದನ್ನು ಆತ ಯಾವ ಬಾಯಿಯಿಂದ ಹೇಳಬೇಕು? ವೀಸಾ ನಿಯಮ ಅನುಮತಿಸಿದ ಗಂಟೆಗಳನ್ನು ಮೀರಿ ಕದ್ದು ದುಡಿಯುವ ವಿದ್ಯಾರ್ಥಿ ಸಿಕ್ಕಿಬಿದ್ದರೆ ಓದೂ ಹೋಗುತ್ತದೆ, ದೇಶವನ್ನೂ ಬಿಡಬೇಕಾಗುತ್ತದೆ. ಆ ಅಪಾಯಕ್ಕೆ ಅವನನ್ನು ದೂಡಿದ್ದರಲ್ಲಿ ನಮ್ಮ ಆತುರಕ್ಕೂ ಪಾಲಿಲ್ಲವೇ?

2024ರ ಜುಲೈಯಲ್ಲಿ ವಿದೇಶಾಂಗ ಸಚಿವಾಲಯ ಲೋಕಸಭೆಗೆ ನೀಡಿದ ಉತ್ತರದ ಪ್ರಕಾರ ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ವಿದೇಶಗಳಲ್ಲಿ 633 ಭಾರತೀಯ ವಿದ್ಯಾರ್ಥಿಗಳು ಮೃತಪಟ್ಟರು. ಅವರಲ್ಲಿ 172 ಮಂದಿ ಕೆನಡಾದಲ್ಲಿ, 108 ಮಂದಿ ಅಮೆರಿಕದಲ್ಲಿ. ಹಿಂಸಾತ್ಮಕ ದಾಳಿಗಳಿಗೆ ಬಲಿಯಾದವರು 19. ಉಳಿದವರು ಅಪಘಾತ, ಅನಾರೋಗ್ಯ ಮುಂತಾದ ಬೇರೆ ಬೇರೆ ಕಾರಣಗಳಿಂದ ಹೋದವರು. ದೂರದ ನಾಡೆಂದರೆ ಜನಾಂಗ ದ್ವೇಷದ ದಾಳಿಯನ್ನೇ ಮೊದಲು ನೆನೆದು ಭಯಪಡುವ ನಾವು ಈ ಲೆಕ್ಕವನ್ನು ಗಮನವಿಟ್ಟು ಓದಬೇಕು. ದಾಳಿಯ ಭಯ ಸುಳ್ಳಲ್ಲ. 2024ರ ಮೇ ತಿಂಗಳಲ್ಲಿ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳಿಗೆ ನುಗ್ಗಿದಾಗ ನಮ್ಮ ಮಕ್ಕಳೂ ಬಾಗಿಲು ಮುಚ್ಚಿಕೊಂಡು ಕೂರಬೇಕಾಯಿತು. ಅದು ಮುಸ್ಲಿಂ ಬಹುಸಂಖ್ಯಾತ ದೇಶ ಎಂಬುದನ್ನೂ ಮರೆಯಬಾರದು. ದೇಶದ ಧರ್ಮ ನೋಡಿ "ಅಲ್ಲಿ ನಮ್ಮವರಿದ್ದಾರೆ" ಎಂದು ನೆಮ್ಮದಿಪಡುವುದು ಎಷ್ಟು ಪೊಳ್ಳು ಎಂಬುದನ್ನು ಆ ರಾತ್ರಿ ಕಲಿಸಿತು.

ಹಾಗಾದರೆ ನೆಲೆಯೂರುವುದು ಎಂದರೇನು? ಈ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಭಯಗಳಿವೆ. ಮಗ ಅಲ್ಲಿಯವನೇ ಆಗಿಬಿಡುತ್ತಾನೆ, ನಮಾಝ್ ಬಿಡುತ್ತಾನೆ, ಮನೆ ಮರೆಯುತ್ತಾನೆ ಎಂಬುದು ಒಂದು. ಈ ಭಯದಿಂದ ಪೋಷಕರು ಅವನಿಗೆ ಊರಿನವರ ಜೊತೆಗೇ ಇರು, ಬೇರೆಯವರ ಸಹವಾಸ ಬೇಡ ಎಂದು ತಾಕೀತು ಮಾಡುತ್ತಾರೆ. ಫಲವೇನು? ಮೂರು ವರ್ಷ ಬರ್ಲಿನ್ನಿನಲ್ಲಿದ್ದು ಜರ್ಮನ್ ಭಾಷೆಯ ನಾಲ್ಕು ವಾಕ್ಯ ಬಾರದೆ, ಒಂದೇ ಕೋಣೆಯಲ್ಲಿ ಊರಿನ ಜಗಳಗಳನ್ನೇ ಆಡುತ್ತಾ ಕುಳಿತವರು ಓದು ಮುಗಿದ ಮೇಲೆ ಕೆಲಸಕ್ಕಾಗಿ ಅಲೆಯುತ್ತಾರೆ. ಇನ್ನೊಂದು ಭಯ ವಿದ್ಯಾರ್ಥಿಯದು. ತನ್ನ ಹೆಸರು, ಉಡುಪು, ಊಟ ಎಲ್ಲಿ ಅಡ್ಡಿಯಾಗುವುದೋ ಎಂದು ತನ್ನದೆಲ್ಲವನ್ನೂ ಮರೆಮಾಚಿ ಬದುಕುವುದು. ಇವೆರಡೂ ನೆಲೆಯೂರುವುದಲ್ಲ. ಶುಕ್ರವಾರ ಮಸೀದಿಗೆ ಹೋಗುವವನು ಶನಿವಾರ ಸಹಪಾಠಿಗಳೊಡನೆ ಗ್ರಂಥಾಲಯದಲ್ಲಿ ಕುಳಿತು ಓದಬಲ್ಲ. ನಾನು ಇದನ್ನು ತಿನ್ನುವುದಿಲ್ಲ, ಕುಡಿಯುವುದಿಲ್ಲ ಎಂದು ನಗುಮುಖದಿಂದ ಹೇಳುವವನನ್ನು ಸ್ನೇಹಿತರು ಹೆಚ್ಚಾಗಿ ಗೌರವಿಸುತ್ತಾರೆ.

ಈ ಸಂದರ್ಭದಲ್ಲಿ ನಮಗೆ ಡಾ. ಬಿ.ಆರ್. ಅಂಬೇಡ್ಕರ್ ನೆನಪಾಗುತ್ತಾರೆ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಮೊದಲು ಇಳಿದುಕೊಂಡ ಕಡೆ ನೆಲೆ ನಿಲ್ಲಲಿಲ್ಲ, ವಾಸ ಬದಲಾಯಿಸಬೇಕಾಯಿತು. ಕೊನೆಗೆ ವಿಶ್ವವಿದ್ಯಾಲಯದ ನಿಲಯವೊಂದರಲ್ಲಿ ನವಲ್ ಭಥೇನಾ ಎಂಬ ಪಾರ್ಸಿ ವಿದ್ಯಾರ್ಥಿಯ ಜೊತೆಗಾರಿಕೆ ಸಿಕ್ಕಿತು. ಆ ಸ್ನೇಹ ಜೀವನಪರ್ಯಂತ ಉಳಿಯಿತು. ಆದರೆ 1917ರಲ್ಲಿ ಬರೋಡಾಕ್ಕೆ ಉದ್ಯೋಗಕ್ಕೆಂದು ಮರಳಿದಾಗ ಅದೇ ವಿದ್ವಾಂಸನಿಗೆ ತಂಗಲು ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿಗಳ ವಸತಿಗೃಹವೊಂದರಲ್ಲಿದ್ದ ಅವರನ್ನು ಕೋಲು ಹಿಡಿದು ಬಂದವರು ಹೊರದಬ್ಬಿದರು. ಆಸರೆ ಕೊಡಲು ಹಿಂದೂ ಸ್ನೇಹಿತನೂ ಮುಂದಾಗಲಿಲ್ಲ, ಕ್ರೈಸ್ತ ಸ್ನೇಹಿತನೂ ಮುಂದಾಗಲಿಲ್ಲ. ಅವರು ಉದ್ಯಾನವನದಲ್ಲಿ ಕುಳಿತು ಕಾಲ ಕಳೆಯಬೇಕಾಯಿತು. ಪರದೇಶದ ವಾಸವು ತಾನು ಅಸ್ಪೃಶ್ಯನೆಂಬ ಅರಿವನ್ನೇ ಮರೆಸಿತ್ತು, ತಾಯ್ನಾಡಿಗೆ ಬಂದ ಮೇಲೆ ಅದು ನೆನಪಾಯಿತು ಎಂಬರ್ಥದಲ್ಲಿ ಅವರು ಮುಂದೆ ಬರೆದುಕೊಂಡರು.

ಈ ಘಟನೆ ನಮ್ಮತ್ತಲೂ ಬೆರಳು ತೋರಿಸುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಮುಸ್ಲಿಂ ವಿದ್ಯಾರ್ಥಿಗೆ ಹೆಸರು ಹೇಳಿದ ಕೂಡಲೇ ಮನೆ ಖಾಲಿಯಿಲ್ಲವೆಂಬ ಉತ್ತರ ಸಿಗುವುದು ನಮಗೆಲ್ಲ ಗೊತ್ತಿರುವ ಸಂಗತಿ. ನಾವು ಅದನ್ನು ನೋವಿನಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಲೇಬೇಕು. ಆದರೆ ನಮ್ಮ ಓಣಿಗಳಲ್ಲಿ ಖಾಲಿಯಿರುವ ಮನೆಯನ್ನು ಒಬ್ಬ ದಲಿತ ವಿದ್ಯಾರ್ಥಿಗೆ, ಈಶಾನ್ಯ ರಾಜ್ಯದ ಹುಡುಗಿಗೆ, ಆಫ್ರಿಕಾದ ಯುವಕನಿಗೆ ಕೊಡಲು ನಾವು ಸಿದ್ಧರಿದ್ದೇವೆಯೇ? 2012ರ ಆಗಸ್ಟ್‌ನಲ್ಲಿ ವದಂತಿಗೆ ಬೆದರಿದ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದರು. 2016ರ ಜನವರಿಯ ಕೊನೆಯಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ, ಆಕೆಗೆ ಸಂಬಂಧವೇ ಇಲ್ಲದ ಅಪಘಾತವೊಂದರ ನೆಪದಲ್ಲಿ, ಅದೇ ನಗರದಲ್ಲಿ ಗುಂಪೊಂದು ದಾಳಿ ಮಾಡಿತು. ಆ ಹುಡುಗಿಯ ತಾಯಿಗೆ ಬೆಂಗಳೂರೇ ಪರದೇಶ. ನಮ್ಮ ಮಕ್ಕಳಿಗೆ ಲಂಡನ್, ಬರ್ಲಿನ್‌ಗಳಿಂದ ನಾವು ಬಯಸುವ ನ್ಯಾಯವನ್ನು ನಮ್ಮ ಊರಿಗೆ ಬಂದ ಪರರ ಮಕ್ಕಳಿಗೆ ಕೊಡದಿದ್ದರೆ ನಮ್ಮ ದೂರಿಗೆ ಬೆಲೆಯೆಲ್ಲಿ?

ಸರ್ಕಾರದ ಪಾತ್ರವನ್ನೂ ಪ್ರಶ್ನಿಸದೆ ಬಿಡುವಂತಿಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ನೀಡುತ್ತಿದ್ದ 'ಪಢೋ ಪರದೇಶ್' ಯೋಜನೆಯನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ಕೂಡಾ ಅದೇ ವರ್ಷದಿಂದ ನಿಂತಿತು. ಬೇರೆ ಯೋಜನೆಗಳಿವೆ ಎಂಬುದು ಕೊಟ್ಟ ಸಮರ್ಥನೆ. ಬಡ್ಡಿಯ ಹೊರೆಗೂ ಬಡ್ಡಿಯ ಪಾಪಕ್ಕೂ ಅಂಜುವ ಒಂದು ಬಡ ಕುಟುಂಬಕ್ಕೆ ಈ ಸಮರ್ಥನೆಯಿಂದ ಏನೂ ದಕ್ಕುವುದಿಲ್ಲ. ರಾಜ್ಯದಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಮೂಲಕ ವಿದೇಶ ವ್ಯಾಸಂಗಕ್ಕೆ ಬಡ್ಡಿರಹಿತ ಸಾಲ ನೀಡುವ ವ್ಯವಸ್ಥೆ ಬಂತು. 2025ರ ಮಾರ್ಚ್‌ನ ಬಜೆಟ್‌ನಲ್ಲಿ ಈ ನೆರವಿನ ಮಿತಿಯನ್ನು 20 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸುವುದಾಗಿ ಘೋಷಿಸಿದಾಗ ಓಲೈಕೆಯೆಂಬ ಕೂಗೆದ್ದಿತು. ಮರುಪಾವತಿಸಬೇಕಾದ ಸಾಲ ಓಲೈಕೆಯಾಗುವುದು ಹೇಗೆ ಎಂದು ಕೂಗಿದವರು ಹೇಳಲಿಲ್ಲ. ಅದಿರಲಿ, ಇಂಥ ಸೌಲಭ್ಯದ ಸುದ್ದಿ ಹನೂರು, ಯಳಂದೂರಿನ ಮನೆಗಳಿಗೆ ಅರ್ಜಿಯ ಕೊನೆಯ ದಿನಾಂಕಕ್ಕೆ ಮುಂಚೆ ತಲುಪುತ್ತಿದೆಯೇ? ಸರ್ಕಾರವನ್ನು ಟೀಕಿಸುವಷ್ಟೇ ಉತ್ಸಾಹ ನಮಗೆ ಈ ಮಾಹಿತಿಯನ್ನು ಹಂಚುವುದರಲ್ಲೂ ಇರಬೇಕಲ್ಲವೇ?

ಮಕ್ಕಾದಿಂದ ಬರಿಗೈಯಲ್ಲಿ ಬಂದ ಮುಹಾಜಿರರನ್ನು ಪ್ರವಾದಿ(ಸ)ರವರು ಮದೀನಾದಲ್ಲಿ ಹೇಗೆ ನೆಲೆಗೊಳಿಸಿದರು ಎಂಬ ಚರಿತ್ರೆಯನ್ನು ನಾವು ಪ್ರತಿವರ್ಷ ಭಾಷಣಗಳಲ್ಲಿ ಕೇಳುತ್ತೇವೆ. ವಲಸೆ ಬಂದ ಒಬ್ಬೊಬ್ಬರನ್ನೂ ಸ್ಥಳೀಯ ಅನ್ಸಾರರೊಬ್ಬರ ಸಹೋದರನನ್ನಾಗಿ ಜೋಡಿಸಲಾಯಿತು. ಹೊಸ ಊರಿಗೆ ಬಂದವನಿಗೆ ಬೇಕಾದದ್ದು ಹೆಸರು ಹಿಡಿದು ವಿಚಾರಿಸುವ ಒಬ್ಬ ಮನುಷ್ಯ ಎಂಬುದು ಅಂದಿನ ಆ ಏರ್ಪಾಡಿನಲ್ಲೇ ಇದೆ. ಅದನ್ನು ಇಂದು ಮಾಡಲು ನಮಗಿರುವ ಅಡ್ಡಿಯೇನು?

ಪ್ರತಿ ಪಟ್ಟಣದ ಜಮಾಅತ್ ತನ್ನಲ್ಲಿಂದ ವಿದೇಶಕ್ಕೆ ಹೋದ ವಿದ್ಯಾರ್ಥಿಗಳ ಒಂದು ಪಟ್ಟಿ ಇಡಬಹುದು. ಯಾವ ನಗರ, ಯಾವ ವಿಶ್ವವಿದ್ಯಾಲಯ, ಯಾವ ವರ್ಷ ಎಂಬಿಷ್ಟು ಸಾಕು. ಹೊಸದಾಗಿ ಹೊರಟವನನ್ನು ಅಲ್ಲಿ ಈಗಾಗಲೇ ಇರುವವನೊಡನೆ ಮೂರು ತಿಂಗಳು ಮುಂಚೆಯೇ ಮಾತನಾಡಿಸಬಹುದು. ಆತ ಕೋಣೆಯನ್ನು ಕಣ್ಣಾರೆ ನೋಡಿ ಹೇಳುವ ತನಕ ಮುಂಗಡ ಹಣ ಕಳುಹಿಸದಿದ್ದರೆ ಅರ್ಧ ವಂಚನೆ ತಪ್ಪುತ್ತದೆ. ವಿದೇಶಾಂಗ ಸಚಿವಾಲಯದ 'ಮದದ್' ತಾಣದಲ್ಲಿ ಹೆಸರು ನೋಂದಾಯಿಸಿಯೇ ವಿಮಾನ ಹತ್ತುವುದನ್ನು ರೂಢಿ ಮಾಡಬಹುದು. ರಜೆಗೆ ಬಂದವರನ್ನು ಸನ್ಮಾನದ ವೇದಿಕೆಗೆ ಕರೆದು ಶಾಲು ಹೊದಿಸುವ ಬದಲು ಪಿಯುಸಿ ಮಕ್ಕಳ ಎದುರು ಕೂರಿಸಿ, ತಾವು ಎಡವಿದ್ದನ್ನೂ ಸೇರಿಸಿ ಹೇಳಿಸಬಹುದು. ಓದು ಕೈಗೂಡದೆ ಅರ್ಧದಲ್ಲೇ ಮರಳಿದವರಿದ್ದರೆ ಅವರನ್ನೂ ಕರೆಯಬೇಕು. ಅವರಿಂದ ಕಲಿಯುವುದು ಗೆದ್ದವರಿಂದ ಕಲಿಯುವುದಕ್ಕಿಂತ ಕಡಿಮೆಯೇನಿಲ್ಲ. ಇದಕ್ಕೆ ಬೇಕಾದದ್ದು ಒಂದು ನೋಟ್‌ಪುಸ್ತಕ, ಹೊಣೆ ಹೊರುವ ಇಬ್ಬರು ಯುವಕರು. ಮದುವೆ ಮಂಟಪಗಳಿಗೆ ಲಕ್ಷಗಟ್ಟಲೆ ಸುರಿಯುವ ಸಮುದಾಯಕ್ಕೆ ಇದು ಭಾರವಾಗಲಾರದು.

ಪೋಷಕರಲ್ಲಿ ನಮ್ಮ ಒಂದು ವಿನಂತಿಯಿದೆ. ಮಗ ಹೊರಡುವ ಹಿಂದಿನ ರಾತ್ರಿ, ಸೂಟ್‌ಕೇಸಿನ ಗದ್ದಲವೆಲ್ಲ ಮುಗಿದ ಮೇಲೆ, ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಮಾತು ಸ್ಪಷ್ಟವಾಗಿ ಹೇಳಿರಿ: ಅಲ್ಲಿ ನಿನ್ನಿಂದಾಗದಿದ್ದರೆ ಹಿಂತಿರುಗಿ ಬಾ, ಸಾಲದ ಚಿಂತೆ ನಮ್ಮದು, ಮನೆಯ ಬಾಗಿಲು ತೆರೆದೇ ಇರುತ್ತದೆ. ಈ ಮಾತು ಕೇಳಿ ಹೊರಟವನು ಫೋನಿನಲ್ಲಿ ಸುಳ್ಳು ಹೇಳಬೇಕಾಗಿಲ್ಲ. ಮರಳುವ ದಾರಿ ಮುಚ್ಚಿಲ್ಲವೆಂದು ಗೊತ್ತಿರುವವನೇ ಪರನಾಡಿನಲ್ಲಿ ನಿರ್ಭಯನಾಗಿ ಕಾಲೂರಬಲ್ಲ. ಮುಂದಿನ ಬಾರಿ ಕರೆ ಮಾಡಿದಾಗ "ಊಟ ಆಯ್ತಾ?" ಎಂದು ಕೇಳಿದ ಬಳಿಕ "ಏನು ಕಷ್ಟವಿದೆ, ಹೇಳು" ಎಂದೂ ಕೇಳೋಣ. ಉತ್ತರ ಬರುವ ತನಕ ಫೋನು ಇಡದಿರೋಣ.